ಯಾವ ಹೆಡ್, ಯಾವ ದಾರ?

ಟರ್‍ರ್‍ರ್‍ರ್... ಟಪ್!

ಹುಲ್ಲು ಕತ್ತರಿಸುವ ನೈಲಾನ್ ದಾರ ಮತ್ತೆ ತುಂಡಾಯಿತು. ತುಂಡು ಹಾರಿಹೋಗಿ, ಹಗ್ಗದ ಮೇಲೆ ಒಣಗುತ್ತಿದ್ದ ಟವೆಲಿಗೆ ಬಡಿದು, ಹುಲ್ಲಿನಲ್ಲಿ ಎಲ್ಲೋ ಮಾಯವಾಯಿತು.

ಅಪ್ಪ ಗ್ರಾಸ್ ಕಟರ್ ಆಫ್ ಮಾಡಿ ನೆಟ್ಟಗೆ ನಿಂತ. ಮೈಮೇಲೆ ರೇನ್‌ಕೋಟು. ಕಾಲಿಗೆ ದಪ್ಪ ಬೂಟು. ಕಣ್ಣಿಗೆ ಮಗಳ ಈಜಿನ ಗಾಗಲ್ಸು. ಅದು ಗುಲಾಬಿ ಬಣ್ಣದ್ದು, ಎರಡೂ ಕಡೆ ಒಂದೊಂದು ಮೀನಿನ ಚಿತ್ರ ಇರುವಂಥದ್ದು. ಮೂಗು, ಕೆನ್ನೆ, ಮೀಸೆ ಎಲ್ಲ ಕಡೆ ಹಸಿರು ಚೂರು.

“ಅಪ್ಪಾ, ಸೊಪ್ಪು ರುಬ್ಬುವಾಗ ಮಿಕ್ಸಿ ಮುಚ್ಚಳ ಹಾಕೋಕೆ ಮರೆತವರ ಥರ ಇದ್ದೀಯ!” ಮೆಟ್ಟಿಲ ಮೇಲಿಂದ ಮಗಳು ಕೂಗಿದಳು.

“ನಗಬೇಡ. ಮೆಟ್ಟಿಲಿಂದ ಇಳೀಲೂಬೇಡ,” ಅಂದ ಅಪ್ಪ.

ಇಳಿಯದೆ ಇರುವುದು ಅವಳಿಗೆ ಬಲು ಕಷ್ಟ. ನಿಂತಲ್ಲಿ ನಿಲ್ಲುವವಳಲ್ಲ ಎಂದೇ ಅಜ್ಜಿ ಅವಳಿಗೆ ಮಿಡತೆ ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿ ಆ ಹೆಸರೇ ಕಾಯಂ ಆಗಿತ್ತು.

ಅಮ್ಮ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. “ಆಯ್ತಾ?”

“ಆಗ್ತಾ ಇದೆ!”

ಮಿಡತೆ ಹಿತ್ತಲನ್ನು ನೋಡಿದಳು. ಬೆಳಗಿನಿಂದ ಕತ್ತರಿಸಿದ್ದು ಒಂದು ಚಾಪೆಯಷ್ಟು ಜಾಗ. ಉಳಿದ ಕಡೆಯೆಲ್ಲ ಹುಲ್ಲು ಅವಳ ಮಂಡಿಯೆತ್ತರಕ್ಕೆ ಬೆಳೆದು, ‘ನಮಗೇನೂ ಆಗಿಲ್ಲ’ ಎನ್ನುವ ಹಾಗೆ ಗಾಳಿಗೆ ತಲೆಯಾಡಿಸುತ್ತಿತ್ತು.

ನಾಳೆ ಅಜ್ಜಿ ಬರುತ್ತಾಳೆ. ಅಮ್ಮನ ಅಮ್ಮ. ಮಂಡಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಳೆ. ದಿನಾ ಸಮತಟ್ಟಾದ ನೆಲದ ಮೇಲೆ ನಡೆಯಲೇಬೇಕು, ಇಲ್ಲವಾದರೆ ಮಂಡಿ ಬಿಗಿದುಕೊಳ್ಳುತ್ತದೆ ಎಂದಿದ್ದಾರೆ ಡಾಕ್ಟರು. ಮನೆ ಮುಂದಿನ ಬೀದಿಯಲ್ಲಿ ಸದಾ ಗಾಡಿಗಳ ಓಡಾಟ. ನಡೆಯಲು ಇರುವುದು ಈ ಹಿತ್ತಲು ಒಂದೇ.

ಅಜ್ಜಿ ರಿಟೈರ್ ಆಗುವ ತನಕ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಈಗಲೂ ಅವಳು “ಉಪ್ಪು ಕೊಡು” ಅಂದರೆ ಊಟಕ್ಕೆ ಕೂತವರೆಲ್ಲ ಎದ್ದು ನಿಲ್ಲುವಂತಾಗುತ್ತದೆ. ಅಪ್ಪನಿಗಂತೂ ತನ್ನ ಅತ್ತೆಯನ್ನು ಕಂಡರೆ ಮದುವೆಯ ದಿನ ಎಷ್ಟು ಭಯವಿತ್ತೋ ಇವತ್ತಿಗೂ ಅಷ್ಟೇ ಭಯ.

ಅಪ್ಪನದು ವಾಚ್ ರಿಪೇರಿ ಅಂಗಡಿ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಚಕ್ರಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವವನು ಅವನು. ಗೆಳೆಯನೊಬ್ಬ ಮನೆ ಬದಲಾಯಿಸುವಾಗ ಈ ಗ್ರಾಸ್ ಕಟರ್ ಕೊಟ್ಟು, “ಹೇಗೆ ಉಪಯೋಗಿಸೋದು ಅಂತ ತೋರಿಸ್ತೀನಿ ಬಾ” ಎಂದು ಕರೆದಿದ್ದ. ಅಪ್ಪ “ಗೊತ್ತು, ಗೊತ್ತು” ಎಂದು ಹೊತ್ತುಕೊಂಡು ಬಂದಿದ್ದ.

ಈಗ ಅವನು ತುಂಡಾದ ದಾರವನ್ನು ಉಗುರಿನಿಂದ ಮುರಿದು ನೋಡಿದ. “ನೈಲಾನ್ ಒಣಗಿಹೋಗಿದೆ. ಹೊಸದು ಹಾಕಿದ್ರೆ ಸರಿಯಾಗುತ್ತೆ.”

ಸ್ಕೂಟರ್ ಹತ್ತಿ ಹೋದ. ಬರುವಾಗ ಕಿತ್ತಳೆ ಬಣ್ಣದ ದಾರದ ಸುರುಳಿ ತಂದ. ಪ್ಯಾಕೆಟ್ಟಿನ ಮೇಲೆ ‘ಟ್ರಿಮ್ಮರ್ ಲೈನ್’ ಎಂದು ಬರೆದಿತ್ತು. ಬಟ್ಟೆ ಒಣಹಾಕುವ ಹಗ್ಗದಷ್ಟು ದಪ್ಪಗಿತ್ತು.

“ಜಾಸ್ತಿ ದಪ್ಪ ಆಯ್ತಲ್ವಾ ಅಪ್ಪಾ?”

“ದಪ್ಪ ಇದ್ದಷ್ಟೂ ಗಟ್ಟಿ.”

“ಅಂಗಡೀಲಿ ಹಾಗಂದ್ರಾ?”

“ಅಂಗಡೀಲಿ ಕೇಳೋದೇನಿದೆ ಇದರಲ್ಲಿ?”

ದಾರ ಮೆಷಿನ್ನಿನ ತುದಿಯಲ್ಲಿ ತಿರುಗುವ ಹೆಡ್ಡಿನ ತೂತಿನೊಳಗೆ ಹೋಗಲು ಒಪ್ಪಲಿಲ್ಲ. ಅಪ್ಪ ತುದಿಯನ್ನು ಚೂಪು ಮಾಡಿ, ಇಕ್ಕಳದಲ್ಲಿ ಹಿಡಿದೆಳೆದು, ಬೆವರು ಸುರಿಸಿ ಹೇಗೋ ತೂರಿಸಿದ. ಸ್ವಿಚ್ ಹಾಕಿದ. ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡಿಸಿದ ಮಗುವಿನ ಹಾಗೆ ಮೆಷಿನ್ “ಊಂಂಂ” ಎಂದಿತು. ಹುಲ್ಲು ಬಾಗಿತು. ಮತ್ತೆ ಎದ್ದು ನಿಂತಿತು. ಸುಟ್ಟ ವಾಸನೆ ಬಂತು. ಅಪ್ಪ ಗಾಬರಿಯಿಂದ ಪ್ಲಗ್ ಕಿತ್ತ.

“ದಾರದ್ದೇ ತಪ್ಪು,” ಅಂದ. “ಬ್ಲೇಡೇ ಬೇಕು. ನಡಿ, ನೀನೂ ಬಾ.”

ಅಂಗಡಿಯ ತುಂಬ ಗುದ್ದಲಿ, ಬಕೆಟ್ಟು, ಪೈಪಿನ ಸುರುಳಿ. ಗೋಡೆಯಲ್ಲಿ ಗ್ರಾಸ್ ಕಟರಿನ ಹೆಡ್‌ಗಳನ್ನು ತೂಗುಹಾಕಿದ್ದರು. ಕೆಲವು ಕರಿ ಬಟ್ಟಲಿನ ಹಾಗಿದ್ದವು. ಕೆಲವಕ್ಕೆ ಫ್ಯಾನಿನಂತೆ ಪ್ಲಾಸ್ಟಿಕ್ ರೆಕ್ಕೆಗಳಿದ್ದವು. ನಟ್ಟನಡುವೆ, ಸುತ್ತ ಹಲ್ಲು ಹಲ್ಲಿರುವ ಒಂದು ಉಕ್ಕಿನ ಬ್ಲೇಡು ಫಳಫಳ ಹೊಳೆಯುತ್ತಿತ್ತು.

“ಅಪ್ಪಾ, ಅದು!” ಅಂದಳು ಮಿಡತೆ.

“ಅದೇ!” ಅಂದ ಅಪ್ಪ.

ಅಂಗಡಿಯ ಆಂಟಿ ಯಾರಿಗೋ ಹಗ್ಗ ಅಳೆದುಕೊಡುತ್ತಿದ್ದರು. “ಸರ್, ನಿಮ್ಮ ಮೆಷಿನ್ ಯಾವುದು?”

“ಹುಲ್ಲು ಕತ್ತರಿಸೋದು.”

“ಅದು ಸರಿ. ಪೆಟ್ರೋಲಿಂದಾ, ಕರೆಂಟಿಂದಾ? ಹಳೇ ಹೆಡ್ ತಂದಿದ್ದೀರಾ?”

ಹಿಂದೆ ಬಕೆಟ್ ಹಿಡಿದು ನಿಂತಿದ್ದ ಗಿರಾಕಿಯೊಬ್ಬ ಗಂಟಲು ಸರಿಮಾಡಿಕೊಂಡ. ಅಪ್ಪನ ಕಿವಿ ಕೆಂಪಾಯಿತು.

“ಇದು ಕೂರುತ್ತೆ. ಗೊತ್ತು ಬಿಡಿ.”

ನಮ್ಮದು ಕರೆಂಟಿನದು ಎಂದು ಹೇಳಲು ಮಿಡತೆ ಬಾಯಿ ತೆರೆದಳು. ಅಪ್ಪನ ಕಿವಿ ನೋಡಿ ಮುಚ್ಚಿದಳು.

“ಗೀರು ಬೀಳದ ಹಾಗೆ ಇಟ್ಕೊಳ್ಳಿ ಸರ್,” ಎಂದರು ಆಂಟಿ. “ಕೂರಲಿಲ್ಲ ಅಂದ್ರೆ ವಾಪಸ್ ತನ್ನಿ.”

ಕೂರಲಿಲ್ಲ. ಮಿಡತೆಯ ಕೈಗೆ ಅಮ್ಮನ ಬಳೆ ಹಾಕಿದ ಹಾಗೆ, ಬ್ಲೇಡು ಮೆಷಿನ್ನಿನ ತುದಿಯಲ್ಲಿ ಲೊಡಲೊಡ ಎನ್ನುತ್ತಿತ್ತು. ಸಂದಿಗೆ ಕಾಗದ ತುರುಕಿದರೆ ಹೇಗೆ ಎಂದು ಅಪ್ಪ ಯೋಚಿಸುವಷ್ಟರಲ್ಲಿ ಅಮ್ಮ ಓಡಿಬಂದು ಬ್ಲೇಡು ಕಿತ್ತುಕೊಂಡಳು.

“ಇದನ್ನ ತಿರುಗಿಸಿದ್ರೆ ಹುಲ್ಲಿಗಿಂತ ಮುಂಚೆ ನಿಮ್ಮ ಕಾಲು ಹೋಗುತ್ತೆ! ಅಮ್ಮನ ಒಂದು ಕಾಲು ನೋಡ್ಕೊಳ್ಳೋದೇ ಸಾಕಾಗಿದೆ ನನಗೆ.”

ಆಗಲೇ ಫೋನ್ ಬಂತು. ಅಜ್ಜಿ. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

“ಅಳಿಯಂದಿರೇ! ಗ್ರೌಂಡ್ ರೆಡಿನಾ?”

ಅಪ್ಪನ ಹಿಮ್ಮಡಿಗಳು ತಾವಾಗಿ ಒಂದಕ್ಕೊಂದು ಕೂಡಿಕೊಂಡವು. “ಅದೂ... ಲೈನ್ ಸ್ವಲ್ಪ ತೊಂದರೆ ಕೊಡ್ತಿದೆ ಅತ್ತೆ.”

“ಲೈನ್ ಚೆನ್ನಾಗೇ ಇದೆಯಲ್ಲ! ನನಗೆ ಸರಿಯಾಗಿ ಕೇಳಿಸ್ತಿದೆ!”

“ರೆಡಿ ಅತ್ತೆ. ರೆಡಿನೇ,” ಅಂದುಬಿಟ್ಟ ಅಪ್ಪ.

ಫೋನಿಟ್ಟು ಮೆಟ್ಟಿಲ ಮೇಲೆ ಕೂತ. ಗಾಗಲ್ಸು ತೆಗೆದ. ಕಣ್ಣಿನ ಸುತ್ತ ಎರಡು ದೊಡ್ಡ ಗುಂಡನೆಯ ಗುರುತು ಬಿದ್ದಿತ್ತು. ಬೇರೆ ದಿನವಾಗಿದ್ದರೆ ಮಿಡತೆ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಅಪ್ಪ ಯಾಕೋ ಸಣ್ಣಗಾದ ಹಾಗೆ ಕಂಡ.

“ಅಪ್ಪಾ, ಇನ್ನೊಂದ್ಸಲ ಅಂಗಡಿಗೆ ಹೋಗೋಣ. ಈ ಸಲ ಮೆಷಿನ್ನನ್ನೇ ತಗೊಂಡು ಹೋಗೋಣ.”

“ಹೋಗಿ ಏನಂತ ಕೇಳೋದು?” ಅಪ್ಪನ ದನಿ ತೀರಾ ತಗ್ಗಿತ್ತು. “ಗೊತ್ತು ಗೊತ್ತು ಅಂತ ಅಷ್ಟು ಜನರ ಮುಂದೆ ಹೇಳಿ ಬಂದಿದ್ದೀನಿ.”

ಮಿಡತೆ ಒಂದು ಕ್ಷಣ ಯೋಚಿಸಿದಳು. “ನೀನೇನೂ ಕೇಳಬೇಡ. ಸುಮ್ನೆ ಬಾ,” ಅಂದಳು.

ಸ್ಕೂಟರಿನ ಹಿಂದೆ ಗ್ರಾಸ್ ಕಟರನ್ನು ಭರ್ಜಿಯ ಹಾಗೆ ನೆಟ್ಟಗೆ ಹಿಡಿದು ಕೂತಳು. ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ತಿರುಗಿ ನೋಡಿದರು. ಒಂದು ನಾಯಿ ಬೀದಿಯ ಕೊನೆಯವರೆಗೆ ಬೊಗಳುತ್ತಾ ಓಡಿಬಂತು.

ಆಂಟಿ ಮೆಷಿನ್ ನೋಡಿದರು. ಬ್ಲೇಡು ನೋಡಿದರು. ಅಪ್ಪನನ್ನು ನೋಡಿದರು. ಬಕೆಟ್ಟಿನ ಗಿರಾಕಿ ಇನ್ನೂ ಅಲ್ಲೇ ಇದ್ದ. ಬಣ್ಣ ನಿರ್ಧಾರವಾಗಿರಲಿಲ್ಲವೆಂದು ಕಾಣುತ್ತದೆ. ಅಪ್ಪನ ಕಿವಿ ಮತ್ತೆ ಕೆಂಪಾಗತೊಡಗಿತು.

“ಆಂಟೀ,” ಎಂದು ಮಿಡತೆ ಮುಂದೆ ನುಗ್ಗಿದಳು. “ನಮ್ಮ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ನನಗೆ ಏನಂದ್ರೆ ಏನೂ ಗೊತ್ತಿಲ್ಲ. ಹೇಳಿಕೊಡ್ತೀರಾ?”

“ಯಾವುದರ ಬಗ್ಗೆ?”

“ಗ್ರಾಸ್ ಕಟರ್ ಬಗ್ಗೆ.”

“ಗ್ರಾಸ್ ಕಟರ್ ಬಗ್ಗೆ ಪ್ರಾಜೆಕ್ಟಾ?”

“ಹೂಂ. ತುಂಬಾ ಕಷ್ಟದ ಸ್ಕೂಲು.”

ಅಪ್ಪ ಮೆಲ್ಲನೆ ಪಕ್ಕಕ್ಕೆ ಸರಿದು, ಗಿಡಕ್ಕೆ ನೀರು ಹಾಕುವ ಒಂದು ಡಬ್ಬವನ್ನು ಎತ್ತಿಕೊಂಡು ಅದರ ತೂತುಗಳನ್ನು ಪರೀಕ್ಷಿಸತೊಡಗಿದ.

ಆಂಟಿ ಮುಗುಳ್ನಕ್ಕು ಸ್ಟೂಲು ಎಳೆದುಕೊಂಡರು. “ಕೇಳು. ಮೊದಲು ಮೆಷಿನ್‌ಗೆ ಎಷ್ಟು ಶಕ್ತಿ ಇದೆ ಅಂತ ನೋಡ್ಬೇಕು. ಇದು ಕರೆಂಟಿಂದು, ಪುಟ್ಟದು. ಇದಕ್ಕೆ ದಪ್ಪ ದಾರ ಹಾಕಿದ್ರೆ ನಿನ್ನ ಬೆನ್ನ ಮೇಲೆ ಅಕ್ಕಿಮೂಟೆ ಹೊರಿಸಿದ ಹಾಗೆ. ತೆಳು ದಾರನೇ ಬೇಕು. ಉಕ್ಕಿನ ಬ್ಲೇಡು ಪೊದೆ ಕಡಿಯೋಕೆ. ಅದೂ ದೊಡ್ಡ ಪೆಟ್ರೋಲ್ ಮೆಷಿನ್‌ಗೆ ಮಾತ್ರ.”

ನೀರಿನ ಡಬ್ಬ ಒಂದು ಹೆಜ್ಜೆ ಹತ್ತಿರ ಬಂತು.

ಆಂಟಿ ಮೂರು ತುಂಡು ದಾರಗಳನ್ನು ಮಿಡತೆಯ ಅಂಗೈಗೆ ಹಾಕಿದರು. “ಕಣ್ಣು ಮುಚ್ಚಿ ಮುಟ್ಟಿ ನೋಡು.”

“ಇದು ಗುಂಡಗಿದೆ. ಇದಕ್ಕೆ ಮೂಲೆ ಮೂಲೆ ಇದೆ. ಇದು... ಹಿಂಡಿದ ಬಟ್ಟೆ ಥರ ತಿರುಚಿಕೊಂಡಿದೆ.”

“ಸರಿಯಾಗಿ ಹೇಳಿದೆ. ಈಗ ನಿನ್ನ ಪ್ರಾಜೆಕ್ಟಿನ ಹುಲ್ಲು ಎಂಥದ್ದು?”

“ಉದ್ದಕ್ಕಿದೆ, ಆದ್ರೆ ಮೆತ್ತಗಿದೆ. ಅಂಚಿಗೆಲ್ಲ ಕಲ್ಲು ಜೋಡಿಸಿದ್ದೀವಿ.”

“ಹಾಗಾದ್ರೆ ಗುಂಡಗಿರೋದು ಸಾಕು. ಮೂಲೆ ಇರೋದು ಚೆನ್ನಾಗಿ ಕೊಯ್ಯುತ್ತೆ. ಆದ್ರೆ ಕಲ್ಲಿಗೆ ತಾಗಿದ್ರೆ ಬೇಗ ಹರಿದುಹೋಗುತ್ತೆ. ತಿರುಚಿರೋದು ಸದ್ದು ಕಮ್ಮಿ ಮಾಡುತ್ತೆ, ಅಷ್ಟೇ.”

“ಮತ್ತೆ ಹೆಡ್ಡು?” ಎಂಬ ದನಿ ಡಬ್ಬದ ಹಿಂದಿನಿಂದ ಬಂತು. ಆಮೇಲೆ ಕೆಮ್ಮು. “ಅಂದ್ರೆ... ಪ್ರಾಜೆಕ್ಟಿಗೆ ಹೆಡ್ ಬಗ್ಗೆನೂ ಬೇಕಲ್ವಾ.”

“ಬೇಕು ಸರ್, ಬೇಕೇ ಬೇಕು,” ಎಂದರು ಆಂಟಿ ಗಂಭೀರವಾಗಿ. “ಒಂದು ಥರದ್ದಕ್ಕೆ ದಾರ ತುಂಡು ಮಾಡಿ ನಾವೇ ಸಿಕ್ಕಿಸ್ತಾ ಇರಬೇಕು. ಇನ್ನೊಂದನ್ನ, ಓಡ್ತಿರುವಾಗಲೇ ನೆಲಕ್ಕೆ ಒಂದ್ಸಲ ಮೆತ್ತಗೆ ಕುಟ್ಟಿದ್ರೆ ದಾರ ತಾನೇ ಹೊರಗೆ ಬರುತ್ತೆ. ನಿಮ್ಮದು ಕುಟ್ಟೋ ಥರದ್ದು. ಆದ್ರೆ ನೋಡಿ, ಒಳಗೆ ಸ್ಪ್ರಿಂಗ್ ಮುರಿದಿದೆ. ಹೊಸ ಹೆಡ್ಡೇ ಹಾಕ್ಬೇಕು.”

“ಸ್ಪ್ರಿಂಗಾ?”

ಅಪ್ಪ ಡಬ್ಬವನ್ನು ತೋಳಿಗೆ ನೇತುಹಾಕಿಕೊಂಡೇ ಓಡಿಬಂದ. ಹೆಡ್ಡನ್ನು ಬೆಳಕಿಗೆ ಹಿಡಿದ. ಮುಚ್ಚಳ ಬಿಚ್ಚಿದ. ದೊಡ್ಡ ಗೋಡೆ ಗಡಿಯಾರವೊಂದು ರಿಪೇರಿಗೆ ಬಂದಾಗ ಹೊಳೆಯುವ ಹಾಗೆ ಅವನ ಕಣ್ಣು ಹೊಳೆಯುತ್ತಿತ್ತು. ಸುತ್ತ ಯಾರಿದ್ದಾರೆ ಎಂಬುದೂ ಅವನಿಗೆ ಮರೆತುಹೋಯಿತು.

“ದಾರಾನ ಯಾವ ಕಡೆಗೆ ಸುತ್ತಬೇಕು?” ಎಂದು ಕೇಳಿಯೇಬಿಟ್ಟ.

“ಈ ಬಾಣದ ಗುರುತು ಇರೋ ಕಡೆಗೆ.”

“ಅಯ್ಯೋ! ನಾನು ಉಲ್ಟಾ ಸುತ್ತಿದ್ದೆ!”

ಮಿಡತೆ ತಿರುಗಿ ಬಕೆಟ್ಟಿನ ಗಿರಾಕಿಯನ್ನು ನೋಡಿದಳು.

“ನಾನೂ ಹೋದ ಸಲ ಉಲ್ಟಾನೇ ಸುತ್ತಿದ್ದು,” ಅಂದ ಬಕೆಟ್ಟಿನ ಗಿರಾಕಿ. “ಎಲ್ಲಿ, ಆ ಬಾಣ ತೋರಿಸಿ ನನಗೂ.”

ಅಪ್ಪ ತೋರಿಸಿದ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಅಪ್ಪ ಆಮೇಲೆ ಇನ್ನೂ ಏನೇನೋ ಕೇಳಿದ. ಸಣ್ಣ ಗಿಡಗಳ ಬುಡದಲ್ಲಿ ದಾರ ತಾಗಿದರೆ ತೊಗಟೆ ಕಿತ್ತುಹೋಗುತ್ತದೆ, ಅಲ್ಲಿ ಕತ್ತರಿಯಲ್ಲೇ ಕತ್ತರಿಸಿ ಎಂದರು ಆಂಟಿ. ಅಪ್ಪ ಹೂಂ ಹೂಂ ಎಂದು ಕೇಳಿಸಿಕೊಂಡ.

ಹೊಸ ಹೆಡ್ಡು, ತೆಳು ದಾರ ಕಟ್ಟಿಸಿಕೊಂಡು ಹೊರಡುವಾಗ ಆಂಟಿ, “ಪ್ರಾಜೆಕ್ಟಿಗೆ ಆಲ್ ದಿ ಬೆಸ್ಟ್,” ಎಂದರು. ಮಿಡತೆಯನ್ನಲ್ಲ, ಅಪ್ಪನನ್ನು ನೋಡುತ್ತಾ.

“ಥ್ಯಾಂಕ್ಸ್,” ಅಂದ ಅಪ್ಪ.

ಸ್ಕೂಟರು ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪನ ಬೆನ್ನು ಅಲುಗಾಡತೊಡಗಿತು. ಅವನು ನಗುತ್ತಿದ್ದ.

“ತುಂಬಾ ಕಷ್ಟದ ಸ್ಕೂಲು,” ಅಂದ.

ಸಂಜೆಯ ಹೊತ್ತಿಗೆ ಹಿತ್ತಲು ಈಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗಾಯಿತು. ನಿಂಬೆಗಿಡದ ಬುಡದಲ್ಲಿ ಮಾತ್ರ ಅಪ್ಪ ಕುಕ್ಕರುಗಾಲಲ್ಲಿ ಕೂತು, ಅಮ್ಮನ ಕತ್ತರಿಯಿಂದ ಒಂದೊಂದೇ ಹುಲ್ಲಿನ ಎಸಳು ಕತ್ತರಿಸಿದ.

ಮರುದಿನ ಅಜ್ಜಿ ಬಂದಳು. ಒಂದು ಕೈಯಲ್ಲಿ ಊರುಗೋಲು, ಕೊರಳಲ್ಲಿ ಹಳೆಯ ವಿಷಲ್. ನೇರ ಹಿತ್ತಲಿಗೇ ನಡೆದಳು. ಕೊನೆಯ ಮೆಟ್ಟಿಲಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

“ಭೇಷ್ ಅಳಿಯಂದಿರೇ!”

ಅಪ್ಪ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. “ನಾನೊಬ್ಬನೇ ಅಲ್ಲ ಅತ್ತೆ. ಮೊದಲು ನನಗೆ ಗೊತ್ತಾಗಲಿಲ್ಲ. ಇವಳು ಕೇಳಿ ತಿಳ್ಕೊಂಡ್ಲು.”

“ನಡಿ ಅಮ್ಮ,” ಅಂದಳು ಅಮ್ಮ.

“ನಡೀತೀನಿ. ಅವಸರ ಏನು? ಮೊದಲು ಗ್ರೌಂಡ್ ಇನ್‌ಸ್ಪೆಕ್ಷನ್ ಆಗ್ಬೇಕು.”

ಅಜ್ಜಿ ಆ ಮೂಲೆ ನೋಡಿದಳು. ಈ ಮೂಲೆ ನೋಡಿದಳು. ಟವೆಲು ನೋಡಿದಳು. ನೋಡಲು ಏನೂ ಉಳಿಯದಿದ್ದಾಗ ಮೋಡ ನೋಡಿದಳು. ಕಾಲು ಮಾತ್ರ ಮೆಟ್ಟಿಲು ಬಿಡಲಿಲ್ಲ.

“ಹೆದರ್ಕೊಂಡ್ಯಾ?” ಅಮ್ಮ ಕೇಳಿದಳು.

“ನಾನಾ? ಸಾವಿರಾರು ಮಕ್ಕಳನ್ನ ಓಡಿಸಿದವಳು ನಾನು!”

ಊರುಗೋಲು ಹಿಡಿದ ಅಜ್ಜಿಯ ಬೆರಳ ಗಂಟುಗಳು ಬೆಳ್ಳಗಾಗಿದ್ದವು. ಮಿಡತೆಗೆ ಅದು ಕಾಣಿಸಿತು. ಅವಳು ಕುಣಿಯಲಿಲ್ಲ, ಹಾರಲಿಲ್ಲ. ಮೆಲ್ಲನೆ ಬಂದು ಅಜ್ಜಿಯ ಪಕ್ಕ ನಿಂತಳು.

“ಅಜ್ಜೀ, ನಿನ್ನೆ ತನಕ ಇಲ್ಲೆಲ್ಲ ಎಷ್ಟೆತ್ತರ ಹುಲ್ಲಿತ್ತು ಗೊತ್ತಾ? ನನಗ್ಯಾಕೋ ಕಾಲಿಡೋಕೆ ಭಯ ಆಗ್ತಿದೆ. ನನ್ನ ಕೈ ಹಿಡ್ಕೋತೀಯಾ?”

ಅಜ್ಜಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು.

“ಪುಕ್ಕಲಿ,” ಅಂದಳು. “ಕೊಡು ಇಲ್ಲಿ.”

ಅಜ್ಜಿಯ ಅಂಗೈ ಬೆವೆತಿತ್ತು. ಹಿಡಿತಕ್ಕೆ ಮಿಡತೆಯ ಬೆರಳೆಲ್ಲ ನೋಯುತ್ತಿದ್ದವು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಒಟ್ಟಿಗೆ ಮೆಟ್ಟಿಲು ಇಳಿದರು.

“ಲೆಫ್ಟ್,” ಅಂದಳು ಅಜ್ಜಿ, ಅವಳಿಂದ ಯಾರೂ ಎಂದೂ ಕೇಳಿರದಷ್ಟು ಮೆತ್ತಗೆ.

“ರೈಟ್,” ಅಂದಳು ಮಿಡತೆ, ಅದಕ್ಕಿಂತ ಮೆತ್ತಗೆ.