ಚಿಲುಮೆಗುದುರೆಗೆ ಒಂದು ಹಿಡಿ ಕಡಲೆ

ಬಹಳ ಕಾಲದ ಹಿಂದೆ ಮಣಿಗಾವಲೆಂಬ ರಾಜ್ಯದಲ್ಲಿ ಒಂದು ಕುದುರೆಯಿತ್ತು. ಅದು ಗೊರಸು ಊರಿದಲ್ಲೆಲ್ಲ ಸಿಹಿನೀರು ಚಿಮ್ಮುತ್ತಿತ್ತು. ಜನ ಅದನ್ನು ಚಿಲುಮೆಗುದುರೆ ಎನ್ನುತ್ತಿದ್ದರು. ಯಾರ ಮನೆಯಲ್ಲಿ ಏನು ಶುಭವಾದರೂ ಮೊದಲ ಹಿಡಿ ಕಡಲೆ, ಬೆಲ್ಲ ಅದಕ್ಕೇ. ಅಷ್ಟು ದೊಡ್ಡ ಊರಲ್ಲಿ ಶುಭಕ್ಕೇನು ಕಮ್ಮಿ?

ಒಂದು ಬೆಳಗ್ಗೆ ಕುದುರೆ ಮುಂಗಾಲು ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತುಬಿಟ್ಟಿತು. ಆಮೇಲೆ ಮಲಗಿತು. ಏಳಲಿಲ್ಲ.

ಲಾಳ ಕಟ್ಟುವವನ ಮಗಳು ನಾಗಲಿ ಬಂದು ಗೊರಸು ಮುಟ್ಟಿದಳು. ಸುಡುತ್ತಿತ್ತು.

"ಕಾಳು ಜಾಸ್ತಿಯಾಗಿ ಗೊರಸಿನೊಳಗೆ ಉರಿ ಎದ್ದಿದೆ, ಬುದ್ಧಿ. ಒಣಹುಲ್ಲು ಬಿಟ್ಟು ಏನೂ ಕೊಡಬಾರದು. ಕಾಲು ತಣ್ಣಗಿಡಬೇಕು, ಮೆತ್ತಗೆ ಮರಳು ಹಾಸಬೇಕು."

"ಅಷ್ಟೇನಾ?" ಅಂದ ರಾಜ, ಸಪ್ಪಗೆ.

ಊರಿನ ನೀರಿನ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಮಾಂತ್ರಿಕ ಕರಾಳಮುಖ ಸುದ್ದಿ ಕೇಳಿ ಲಾಯಕ್ಕೆ ಬಂದಿದ್ದ. ಅವನು ನಕ್ಕ. "ಮೂರು ದಿನ ಕಳೆದು ಇದು ತಾನಾಗಿ ಎದ್ದು ನಿಂತರೆ ನಾನು ಬೂದಿಯಾಗ್ತೀನಿ ಕಣೇ. ನಿಲ್ಲದಿದ್ದರೆ ಕುದುರೆ, ಊರಿನ ನೀರು, ಎರಡೂ ನಂದು."

ಅವನ ಮಂತ್ರಕ್ಕೆ ಹೆದರಿದ್ದ ರಾಜ ತಲೆಯಾಡಿಸಿದ.

ಮೊದಲ ದಿನ ನಾಗಲಿ ಹಿಮದ ಬೆಟ್ಟ ಹತ್ತಿದಳು. ಎರಡು ತಲೆಯ ಕರಡಿ ಅಡ್ಡ ಬಂತು. "ಕುದುರೆಯ ಕಾಲು ಸುಡ್ತಿದೆ" ಅಂದಳು. ಕರಡಿ ತಾನೇ ಹಿಮ ಹೊತ್ತು ತಂದಿತು.

ಎರಡನೇ ದಿನ ಹೊಳೆಗಿಳಿದಳು. ಮೊಸಳೆ ಬಾಯಿ ತೆರೆಯಿತು. "ಕುದುರೆಗೆ ಮೆತ್ತನೆ ನೆಲವಿಲ್ಲ" ಅಂದಳು. ಮೊಸಳೆ ಬೆನ್ನ ಮೇಲೆ ಮರಳು ತಂದು ಸುರಿಯಿತು. ಗೊರಸಿನ ಬಿಸಿ ಇಳಿಯಿತು. ಕುದುರೆ ಕಿವಿ ನಿಮಿರಿಸಿತು.

ಮೂರನೇ ದಿನ ಲಾಯದ ಬಾಗಿಲು ಕಾಯುವುದಷ್ಟೇ ಉಳಿದಿತ್ತು. ಅಂದೇ ಯುವರಾಜನ ನಾಮಕರಣ. ರಾಣಿ ತಟ್ಟೆ ಹಿಡಿದು ಬಂದಳು. ಹಿಂದೆ ಇಡೀ ಊರು.

"ಬೇಡಿ, ಅಮ್ಮಾವರೇ. ಸಾಯುತ್ತೆ."

"ಥೂ, ಶುಭದ ದಿನ ಎಂಥ ಮಾತೇ ಆಡ್ತೀಯ! ಒಂದು ಹಿಡಿ ತಾನೆ?"

"ಎಲ್ಲರದ್ದೂ ಒಂದೊಂದೇ ಹಿಡಿ."

"ಎರಡು ಬುಟ್ಟಿ ಹಿಮ ತಂದಿದ್ದಕ್ಕೇ ಇವಳ ಕೊಬ್ಬು ನೋಡ್ರೋ!" ಅಂದಿತು ಗುಂಪು. ಭಟರು ಅವಳ ರಟ್ಟೆ ಹಿಡಿದು ಬದಿಗೆ ನಿಲ್ಲಿಸಿದರು. ಎಲ್ಲರೂ ಪ್ರೀತಿಯಿಂದಲೇ ತಿನ್ನಿಸಿದರು.

ಬೆಳಗಾಯಿತು. ಮಾಂತ್ರಿಕ ಬಂದು ನಿಂತ. ಗೊರಸು ಮತ್ತೆ ಕೆಂಡವಾಗಿತ್ತು. ಒಳಗಿನ ಮೂಳೆ ಜಾರಿ ಅಂಗಾಲಲ್ಲಿ ರಕ್ತ ಜಿನುಗುತ್ತಿತ್ತು. ಕುದುರೆ ಊರವರನ್ನು ನೋಡಿತು, ನಾಗಲಿಯನ್ನು ನೋಡಿತು.

"ಬೇಡ ಕಣೋ. ಮಲಗು" ಅಂದಳು ಅವಳು, ಅದಕ್ಕಷ್ಟೇ ಕೇಳುವಂತೆ.

ಅದು ನಡುಗುತ್ತಾ ಎದ್ದು ನಿಂತಿತು. ಮಾಂತ್ರಿಕ ಬೂದಿಯಾದ. ಜನ ಕುಣಿದರು. ಕುಣಿತ ನಿಂತಾಗ ಕುದುರೆ ಸತ್ತು ಬಿದ್ದಿತ್ತು.

"ಆ ಪಾಪಿ ಮಾಂತ್ರಿಕನೇ ಕೊಂದ, ಅಲ್ವೇನೇ?" ಅಂತ ರಾಣಿ ಬಿಕ್ಕಿದಳು.

"ಅಲ್ಲ, ಅಮ್ಮಾವರೇ" ಅಂದಳು ನಾಗಲಿ.

ಮಾಂತ್ರಿಕನ ಕಾಟ ತೀರಿತು, ಚಿಲುಮೆಗಳು ಬತ್ತಲಿಲ್ಲ, ಮಣಿಗಾವಲಿನವರು ನೂರು ಕಾಲ ಸುಖವಾಗಿ ಬಾಳಿದರು. ನಾಗಲಿಯನ್ನು ಮಾತ್ರ ಆಮೇಲೆ ಯಾರೂ ಲಾಯದ ಹತ್ತಿರ ಸೇರಿಸಲಿಲ್ಲ.