ಅಂಟಿಸದ ಟ್ಯಾಗ್

"ಗ್ಲಾಸಿಗೆ ಅಂಟಿಸ್ಬೇಕು ಮೇಡಂ. ಹೀಗೆ ಬಚ್ಚಿಟ್ಕೊಂಡ್ರೆ ಗೇಟಿಗೆ ಹೇಗೆ ಕಾಣ್ಬೇಕು?"

ಟೋಲ್ ಗೇಟಿನವರು ಹಾಗೆ ಕೇಳುವಷ್ಟರಲ್ಲಿ ನನ್ನ ಕಾರಿನ ಹಿಂದೆ ಹಾರ್ನ್‌ಗಳ ಮೇಳ ಶುರುವಾಗಿತ್ತು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಟೋಲಿನ ಟ್ಯಾಗ್ ತೆಗೆದು ತೋರಿಸಿದೆ. ಹಿಂದಿನ ಕಾಗದವನ್ನೂ ಬಿಡಿಸಿರಲಿಲ್ಲ. ಅವರು ಕೈಯಲ್ಲಿದ್ದ ಸ್ಕ್ಯಾನರ್ ಹಿಡಿದರು, ಅದು ಕುಂಯ್ ಅಂದಿತು, ಗೇಟಿನ ಕಂಬಿ ಮೇಲೆದ್ದಿತು.

"ನಾಳೆ ಅಂಟಿಸ್ತೀನಿ," ಅಂದೆ.

"ನಾಳೆ ಅಂದವನ ಮನೆ ಹಾಳು ಅಂತಾರೆ ಮೇಡಂ," ಅಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. ನಮ್ಮ ಮನೆಯಲ್ಲಿ ಸಾವಾಗಿದೆ ಎಂದು ಅವರಿಗೆ ಗೊತ್ತಿತ್ತು.

ಕಾರು ಅಪ್ಪನದು. ನಾನು ಲ್ಯಾಬಿನಲ್ಲಿ ಕೂತು ಹಲ್ಲುಸೆಟ್ಟು ಮಾಡುವವಳು. ರಿಟೈರ್ ಆದ ಮೇಲೆ ನನ್ನನ್ನು ಲ್ಯಾಬಿಗೆ ಬಿಟ್ಟು ಬರುವುದೇ ಅಪ್ಪನಿಗೆ ಡ್ಯೂಟಿ. ಆಗ ಟೋಲಿನಲ್ಲಿ ಕ್ಯಾಶ್ ಲೇನ್ ಇತ್ತು, ಬೂತಿನಲ್ಲಿ ಇವರೇ ಇರುತ್ತಿದ್ದರು. ಅಪ್ಪ ಕಿಟಕಿ ಇಳಿಸಿ, "ನನ್ನ ಮಗಳು. ಊರಿಗೆಲ್ಲ ಹಲ್ಲು ಕಟ್ತಾಳೆ, ತಾನು ಮಾತ್ರ ಹಲ್ಲು ಬಿಡಲ್ಲ," ಅನ್ನುತ್ತಿದ್ದರು. ಪ್ರತಿ ಸಲ ಅದೇ ಜೋಕು. ಇವರು ಪ್ರತಿ ಸಲ ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು.

ಅಪ್ಪ ಹೋದ ಮೇಲೆ ಮೊದಲ ಸಲ ನಾನೇ ಓಡಿಸಿಕೊಂಡು ಬಂದ ದಿನ, "ಅಪ್ಪ ಬರ್ಲಿಲ್ವಾ?" ಎಂದು ಕೇಳಿದರು.

"ಇನ್ನು ಬರಲ್ಲ."

ಚಿಲ್ಲರೆ ಹಿಡಿದ ಅವರ ಕೈ ಹಾಗೇ ನಿಂತಿತು. ಆಮೇಲೆ, "ನಿಧಾನವಾಗಿ ಹೋಗಿ. ಮುಂದೆ ರಸ್ತೆ ಕೆಲಸ ನಡೀತಿದೆ," ಅಂದರು. ಸಮಾಧಾನ ಹೇಳಲು ಬಂದವರೆಲ್ಲ ಗಂಟೆಗಟ್ಟಲೆ ಮಾತಾಡಿದ್ದರು, ಒಂದೂ ತಲೆಗೆ ಹೋಗಿರಲಿಲ್ಲ. ಇದು ಹೋಯಿತು.

ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟ ಕೆನ್ನೆ ಹೇಗಿರುತ್ತದೆ ಗೊತ್ತಲ್ಲ? ಕಚ್ಚಿಕೊಂಡರೂ ತಿಳಿಯುವುದಿಲ್ಲ. ನಾನು ಪೂರ್ತಿ ಹಾಗಾಗಿದ್ದೆ. ಅತ್ತಿಗೆ ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡು ಎದ್ದಿದ್ದೆ. ಅಣ್ಣ ತಟ್ಟೆ ತಳ್ಳಿದ ಮೇಲೇ ಗೊತ್ತಾಗಿದ್ದು. ಈ ಗೇಟಿನ ಹತ್ತಿರ ಮಾತ್ರ ಒಳಗೆಲ್ಲೋ ಸಣ್ಣಗೆ ಚುಳ್ ಅನ್ನುತ್ತಿತ್ತು. ದಿನವೂ ಅವರು ಏನಾದರೂ ಒಂದು ಹೇಳುತ್ತಿದ್ದರು. ಮುಂದೆ ಮಂಜಿದೆ, ಲಾರಿ ಕೆಟ್ಟು ನಿಂತಿದೆ, ನಾಯಿಯೊಂದು ಅಡ್ಡ ಬರುತ್ತೆ. ಅಷ್ಟೇ.

ಆಮೇಲೆ ಕ್ಯಾಶ್ ಲೇನ್ ಮುಚ್ಚಿದರು. ಅಣ್ಣ ಮೊಬೈಲಿನಲ್ಲೇ ಟ್ಯಾಗ್ ತರಿಸಿ ನನ್ನ ಕೈಗಿಟ್ಟ. "ಇನ್ನು ಎಲ್ಲೂ ನಿಲ್ಲೋದೇ ಬೇಡ ನೀನು. ಸುಯ್ ಅಂತ ಹೋಗ್ತಾ ಇರು."

ನಿಲ್ಲುವುದೇ ಬೇಡ ಅನ್ನುವುದೇ ನನಗೆ ಬೇಡವಾಗಿತ್ತು. ಅತ್ತಿಗೆ, "ಅಂಟಿಸಿದ್ಯಾ?" ಎಂದಾಗ ಹೂಂ ಅಂದೆ. ಟ್ಯಾಗ್ ಪೆಟ್ಟಿಗೆಯೊಳಗೇ ಉಳಿಯಿತು. ಗೇಟು ಏಳದ ಗಾಡಿಗಳನ್ನು ಸ್ಕ್ಯಾನ್ ಮಾಡಲು ಲೇನಿನಲ್ಲಿ ನಿಲ್ಲಿಸಿದ್ದು ಇವರನ್ನೇ.

"ಇವತ್ತೂ ಮರೆತ್ರಾ?"

"ಮರೆತೆ."

"ಹಲ್ಲು ಕಟ್ಟೋದು ಮಾತ್ರ ಮರೆಯಲ್ಲ ಅಲ್ವಾ?"

"ಅದಕ್ಕೆ ಸಂಬಳ ಕೊಡ್ತಾರೆ."

ಅವರು ನಕ್ಕರು. ಮೇಲಿನ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಚೂರು ಏರಿ ಕೂತಿತ್ತು. ದಿನವಿಡೀ ಹಲ್ಲುಗಳನ್ನು ಸಾಲಿಗೆ ತರುವ ನನಗೆ, ಅದೊಂದು ಹಾಗೇ ಇರಲಿ ಅನ್ನಿಸಿತು. ಹಿಂದಿನ ಲಾರಿಯವನು ತಲೆ ಹೊರಗೆ ಹಾಕಿ, "ಸಂಸಾರ ಮನೇಲಿ ಮಾಡ್ಕೊಳ್ರಪ್ಪಾ!" ಎಂದು ಕೂಗಿದ. ಅವರ ಕಿವಿ ಕೆಂಪಾಯಿತು. ನಾನು ಗೇರ್ ಹಾಕಲು ತಡಕಾಡಿದೆ.

ಒಂದು ದಿನ ಅವರಿರಲಿಲ್ಲ. ದಪ್ಪ ಮೀಸೆಯ ಸೂಪರ್‌ವೈಸರ್ ನಿಂತಿದ್ದ. "ಏನಮ್ಮಾ, ಅಂಟಿಸೋಕೆ ಮುಹೂರ್ತ ಬೇಕಾ?" ಅಂದವನೇ ಟ್ಯಾಗ್ ಕಸಿದು, ಕಾಗದ ಬಿಡಿಸಿ, ಕಿಟಕಿಯೊಳಗೆ ಕೈ ಹಾಕಿ ಗ್ಲಾಸಿಗೆ ಪಟ್ ಅಂತ ಒತ್ತಿಬಿಟ್ಟ. ಗೇಟು ಎದ್ದಿತು. ನಾನು ಥ್ಯಾಂಕ್ಸ್ ಅಂದೆ. ನಿಜವಾಗಿಯೂ ಅಂದೆ.

ಮರುದಿನ ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಕಂಬಿ ಮೇಲೇರಿತು. ಅವರು ಪಕ್ಕದಲ್ಲಿ ನಿಂತಿದ್ದರು. ಸ್ಕ್ಯಾನರ್ ಹಿಡಿದ ಕೈ ಅರ್ಧ ಎದ್ದು ಕೆಳಗಿಳಿಯಿತು. ಹಿಂದಿನ ಗಾಡಿ ನನ್ನನ್ನು ತಳ್ಳುವಂತೆ ಬರುತ್ತಿತ್ತು, ಹೋಗಿಬಿಟ್ಟೆ. ಮುಂದಿನ ವಾರ ಅವರು ಲೇನಿನಲ್ಲೇ ಕಾಣಲಿಲ್ಲ. ಅಣ್ಣ ಹೇಳಿದ ಹಾಗೆ ಸುಯ್ ಅಂತ ಹೋಗುತ್ತಿದ್ದೆ, ಸುಯ್ ಅಂತ ಬರುತ್ತಿದ್ದೆ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ.

ಆಗಲೇ ಕ್ಲಿನಿಕ್ಕಿನ ಡಾಕ್ಟರು ಫೋನ್ ಮಾಡಿದ್ದು. "ಇದೇನಮ್ಮಾ, ಈ ಅಜ್ಜನಿಗೆ ಯಾರ ಹಲ್ಲು ಕಟ್ಟಿದ್ದೀಯಾ? ಮುಂದಿಂದು ಒಂದರ ಮೇಲೊಂದು ಕೂತಿದೆ! ಅಜ್ಜ ಕನ್ನಡಿ ನೋಡಿ ಬೈತಿದ್ದಾರೆ."

ಯಾರ ಹಲ್ಲು ಎಂದು ನನಗೆ ಗೊತ್ತಿತ್ತು. "ಸಾರಿ ಡಾಕ್ಟ್ರೇ, ಬೇರೆ ಮಾಡ್ಕೊಡ್ತೀನಿ," ಎಂದು ಫೋನ್ ಇಟ್ಟೆ. ಸಂಜೆ ಕೆಲಸ ಮುಗಿಯುತ್ತಲೇ ಮೇಣ ಕೆತ್ತುವ ಚಾಕು ತೆಗೆದುಕೊಂಡು ಕಾರಿನ ಬಳಿ ಹೋದೆ. ಗ್ಲಾಸಿನ ಮೇಲಿನ ಟ್ಯಾಗನ್ನು ಕೆರೆದು ಕಿತ್ತೆ. ಅದು ಎರಡು ತುಂಡಾಗಿ ಕೈಗೆ ಬಂತು.

ಟೋಲಿನಲ್ಲಿ ಗೇಟು ಏಳಲಿಲ್ಲ. ಲೇನಿನಲ್ಲಿದ್ದ ಹೊಸಬ ಸ್ಕ್ಯಾನರ್ ಹಿಡಿದು ನೋಡಿ, "ಇದು ಸತ್ತಿದೆ. ಆ ಕೌಂಟರಿನಲ್ಲಿ ಹೊಸದು ಮಾಡಿಸ್ಕೊಳ್ಳಿ," ಎಂದು ಪಕ್ಕಕ್ಕೆ ಕಳಿಸಿದ. ಕೌಂಟರ್ ಅಂದರೆ ಒಂದು ದೊಡ್ಡ ಕೊಡೆ, ಒಂದು ಮೇಜು. ಮೇಜಿನ ಹಿಂದೆ ಅವರು ಕೂತಿದ್ದರು.

"ಲೇನಿನಲ್ಲಿ ನಿಮ್ಮನ್ನ ಹುಡುಕ್ತಿದ್ದೆ," ಅಂದೆ.

"ಇಲ್ಲಿಗೆ ಹಾಕಿದಾರೆ." ತುಂಡುಗಳನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಇದು ತಾನಾಗಿ ಬಿದ್ದಿದ್ದಲ್ಲ."

"ನಾನೇ ಕಿತ್ತೆ."

"ಯಾಕೆ?"

"ಅದಿದ್ರೆ ಗೇಟು ನನ್ನ ನಿಲ್ಸೋದೇ ಇಲ್ಲ. ಅಪ್ಪ ಹೋದ ಮೇಲೆ ನನ್ನ ಕಿವಿಗೆ ಬೀಳೋ ಮಾತು ನಿಮ್ಮದೊಂದೇ. ಅದೂ ಹೋದ್ರೆ ನಾನೇನು ಮಾಡ್ಲಿ?" ಮನೆ ಬಾಗಿಲು ಹಾಕಿ ಬಂದೆ ಅನ್ನುವಷ್ಟು ಸಾದಾ ಆಗಿ ಹೇಳಿದೆ.

ಅವರು ಎರಡು ತುಂಡುಗಳನ್ನೂ ಮೇಜಿನ ಮೇಲೆ ಜೋಡಿಸಿಟ್ಟರು. "ನಾನೂ ಒಂದು ಹೇಳ್ಲಾ? ಆ ರಸ್ತೆ ಕೆಲಸ ಯಾವಾಗ್ಲೋ ಮುಗಿದಿತ್ತು. ಮಂಜು, ಲಾರಿ, ಎಲ್ಲಾ ಅರ್ಧ ಸುಳ್ಳು. ನಿಮ್ಮನ್ನ ಇನ್ನೊಂದು ಘಳಿಗೆ ನಿಲ್ಸೋಕೆ ಏನಾದ್ರೂ ಹೇಳ್ಬೇಕಿತ್ತಲ್ಲ."

"ಮತ್ತೆ ಆ ನಾಯಿ?"

"ನಾಯಿ ನಿಜ."

ಹೊಸ ಟ್ಯಾಗನ್ನು ಅವರೇ ಅಂಟಿಸಿದರು. ಎಡಬಾಗಿಲಿನಿಂದ ಬಗ್ಗಿ, ಅಂಚುಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದರು. "ಚಾಲೂ ಆಗೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ನನ್ನ ಡ್ಯೂಟಿನೂ ಮುಗಿಯುತ್ತೆ." ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಎಷ್ಟೊಂದು ಗಾಡಿ ಬಿಟ್ಟಿದ್ದೀನಿ. ಗಾಡಿಯೊಳಗೆ ಕೂತು ನಾನು ಯಾವತ್ತೂ ಈ ಗೇಟು ದಾಟಿಲ್ಲ," ಅಂದರು.

ಎಡಗಡೆಯದು ಅಪ್ಪ ಓಡಿಸುವಾಗ ನಾನು ಕೂರುತ್ತಿದ್ದ ಸೀಟು. ಆಮೇಲೆ ಅಲ್ಲಿ ನನ್ನ ಬ್ಯಾಗ್ ಬಿಟ್ಟರೆ ಯಾರೂ ಕೂತಿರಲಿಲ್ಲ. ಬ್ಯಾಗನ್ನು ಹಿಂದಕ್ಕೆ ಹಾಕಿದೆ. "ಬನ್ನಿ, ಕೂತ್ಕೊಳ್ಳಿ."

ನಾವು ಹತ್ತಿರವಾಗುತ್ತಲೇ ಕಂಬಿ ತಾನಾಗಿ ಎದ್ದಿತು. ಅವರು ಕತ್ತು ತಿರುಗಿಸಿ ತಮ್ಮ ಖಾಲಿ ಬೂತನ್ನು ನೋಡಿದರು. ನಾನು ಪಕ್ಕಕ್ಕೆ ನೋಡಿದೆ. ಅಲ್ಲಿ ಕೂತ ನಾನು ಅಪ್ಪನಿಗೆ ಹೀಗೇ ಕಾಣುತ್ತಿದ್ದೆ ಅನ್ನಿಸಿತು. ಇಂಜೆಕ್ಷನ್ನಿನ ಜೋಮು ಇಳಿಯುವಾಗ ಮೊದಲು ಬರುವುದು ನೋವೇ. ಅದು ಬಂತು. ಇಷ್ಟು ದಿನ ಅಳದಿದ್ದದ್ದೆಲ್ಲ ಸ್ಟೀರಿಂಗಿನ ಮೇಲೆ ಸುರಿಯಿತು.

ಅವರು ಕರ್ಚೀಫು ಕೊಟ್ಟು, "ನಿಧಾನವಾಗಿ ಓಡ್ಸಿ," ಅಂದರು.

"ಮುಂದೆ ರಸ್ತೆ ಕೆಲಸ ಇದ್ಯಾ?"

"ಏನೂ ಇಲ್ಲ. ಆದ್ರೂ ನಿಧಾನವಾಗಿ ಓಡ್ಸಿ."