ಮುಚ್ಚಿದ ಗುಂಡಿಗಳು

ಸೋಮವಾರ ಬೆಳಿಗ್ಗೆ 8.20ಕ್ಕೆ ಅಳಿವೆಯ ಕಾಡು ನೋಡಿಕೊಳ್ಳುವ ಊರ ಸಮಿತಿಯ ಅಧ್ಯಕ್ಷರು ಕೆಸರುಗಾಲಲ್ಲೇ ಠಾಣೆಗೆ ಬಂದರು. ಎರಡು ತಿಂಗಳ ಹಿಂದೆ ನೆಟ್ಟ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಇನ್ನೂರ ಹನ್ನೆರಡು ಕಾಂಡ್ಲಾ ಸಸಿಗಳು ಮಾಯವಾಗಿದ್ದವು. ಶನಿವಾರ, ಭಾನುವಾರ ಸಮಿತಿಯವರೆಲ್ಲ ಪಟ್ಟಣದಲ್ಲಿ ಕಾಡು ಕಾಯುವ ತರಬೇತಿಗೆ ಹೋಗಿದ್ದರು.

"ಶುಕ್ರವಾರ ಅರಣ್ಯ ಇಲಾಖೆಯವರು ಎಣಿಸೋಕೆ ಬರ್ತಾರೆ ಸಾರ್. ನೂರಕ್ಕೆ ಎಂಬತ್ತು ಬದುಕಿರದಿದ್ರೆ ಕಾಡು ನಮ್ಮ ಕೈ ತಪ್ಪುತ್ತೆ. ಆ ಜಾಗಕ್ಕೆ ಪಕ್ಕದ ಸಿಗಡಿ ಕೆರೆಯವನು ಬಾಯಿ ಬಿಟ್ಕೊಂಡು ಕೂತಿದಾನೆ."

"ಆ ಕೆಸರಿಗೆ ಇಷ್ಟು ಜಗಳಾನಾ?" ಎಂದ, ಊರೆಲ್ಲ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್.

"ಲೋಕದ ಹೊಗೆಯನ್ನೆಲ್ಲ ಹೂತಿಡೋ ಕೆಸರು ಅದು. ನಿನ್ನ ಬೀಡಿದೂ ಸೇರಿ," ಎಂದರು ಅಧ್ಯಕ್ಷರು.

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರರ ಅನುಮಾನವೂ ಸಿಗಡಿ ಕೆರೆಯವನ ಮೇಲೆಯೇ ಹೋಯಿತು.

11.40, ಇಳಿತದ ಹೊತ್ತು. ಪಂಚನಾಮೆ ನೋಡಲು ಊರೇ ದಡದಲ್ಲಿ ನೆರೆದಿತ್ತು. ಇನ್ಸ್‌ಪೆಕ್ಟರ್ ಒಂದೊಂದೇ ಕಾಲು ಕಿತ್ತಿಡುತ್ತ ಸಾಲುಗಳನ್ನು ನೋಡಿದರು. ಒಂದು ಗುಂಡಿಯೂ ಬಾಯಿ ತೆರೆದಿರಲಿಲ್ಲ. ಎಲ್ಲವನ್ನೂ ಮುಚ್ಚಿ, ತಟ್ಟಿ ಸಮ ಮಾಡಲಾಗಿತ್ತು. ಕಳ್ಳನಿಗೆ ಇಷ್ಟು ವ್ಯವಧಾನವೆಲ್ಲಿಯದು?

"ಇಲ್ಲಿ ಅಗೆದ ಗುಂಡಿ ಮುಚ್ಚೋರು ಯಾರು?"

"ಚಿಪ್ಪು ಆರಿಸೋ ಹೆಂಗಸರು. ಮುಚ್ಚದಿದ್ರೆ ಮರಿಚಿಪ್ಪು ಬಿಸಿಲಿಗೆ ಸಾಯುತ್ತೆ. ಅವರ ಕೈಗೆ ಅಂಟಿದ ಅಭ್ಯಾಸ."

"ಅವರಲ್ಲಿ ಇವತ್ತು ಇಲ್ಲಿಗೆ ಬರದವರು?"

ಅಧ್ಯಕ್ಷರು ದಡದತ್ತ ನೋಡಿದರು. ಮುಖ ಸಪ್ಪಗಾಯಿತು. "ನಮ್ಮ ಅತ್ತಿಗೆ."

1.15ಕ್ಕೆ ಇನ್ಸ್‌ಪೆಕ್ಟರ್ ಹೋದಾಗ ಅತ್ತಿಗೆ ಅಂಗಳದಲ್ಲಿ ಚಿಪ್ಪು ತೊಳೆಯುತ್ತಿದ್ದರು.

"ಸಸಿ ಎಲ್ಲಿವೆ, ಅಕ್ಕ?"

"ಎಲ್ಲಿರಬೇಕೋ ಅಲ್ಲಿ. ಬನ್ನಿ."

ಹಳ್ಳದ ತಿರುವಿನ ಒಳಮಗ್ಗುಲಲ್ಲಿ ಸಸಿಗಳು ಕೋಲಿಗೆ ಆತು ನಿಂತಿದ್ದವು. ಎಲೆ ಬಾಡಿರಲಿಲ್ಲ. ಮೀಸೆ ಎಣಿಸಿದ: ಇನ್ನೂರ ಒಂಬತ್ತು.

"ಮೂರರ ಬೇರು ನನ್ನ ಕೈಲೇ ಮುರೀತು," ಎಂದರು ಅತ್ತಿಗೆ, ತಲೆ ತಗ್ಗಿಸಿ. "ಅಲ್ಲಿ ಬಯಲು ಕೆಸರು, ಅಲೆ ನೇರ ಹೊಡೆಯುತ್ತೆ. ಒಂದು ದೊಡ್ಡ ಉಬ್ಬರ ಬಂದಿದ್ರೆ ಎಲ್ಲಾ ಸಮುದ್ರದ ಪಾಲು."

"ಸಮಿತಿಗೆ ಹೇಳಬಹುದಿತ್ತಲ್ಲ?"

"ಮೂರು ಸಭೇಲಿ ಹೇಳ್ದೆ. ಟೀ ತಂದವಳ ಮಾತು ಯಾರು ಬರ್ಕೊಳ್ತಾರೆ? 'ಸಕ್ಕರೆ ಕಡಿಮೆ ಹಾಕು ಅತ್ತಿಗೆ' ಅಂದ ನಿಮ್ಮ ಅಧ್ಯಕ್ಷ."

3.05ಕ್ಕೆ ಬಂಧನ, 4.30ಕ್ಕೆ ಠಾಣಾ ಜಾಮೀನು. ಜಾಮೀನಿಗೆ ಸಹಿ ಹಾಕಿದವರು ದೂರುದಾರರೇ. ಕೇಸ್ ಡೈರಿಯಲ್ಲಿ ಕೃತ್ಯದ ಕಾರಣದ ಎದುರು ಇನ್ಸ್‌ಪೆಕ್ಟರ್ ಬರೆದರು: 'ಆರೋಪಿ ಮೂರು ಸಲ ಹೇಳಿದ್ದಳು. ಯಾರೂ ಬರೆದುಕೊಂಡಿರಲಿಲ್ಲ.'

ಶುಕ್ರವಾರ ಎಣಿಸಲು ಬಂದವರು ಪಂಚನಾಮೆಯ ಪ್ರತಿ ಓದಿ, ಹಳ್ಳದ ತಿರುವಿಗೇ ಹೋಗಿ ಎಣಿಸಿದರು. ಇನ್ನೂರ ಒಂಬತ್ತೂ ಬದುಕಿದ್ದವು. ಕಾಡು ಊರಿನ ಕೈಯಲ್ಲೇ ಉಳಿಯಿತು.

ಸಂಜೆಯ ಸಭೆಗೆ ಇನ್ಸ್‌ಪೆಕ್ಟರರನ್ನೂ ಕರೆದಿದ್ದರು. ಅತ್ತಿಗೆ ಕುರ್ಚಿಯಲ್ಲಿ ಕೂತು ಮುಂದಿನ ಸಾಲು ಎಲ್ಲಿ ನೆಡಬೇಕೆಂದು ಹೇಳುತ್ತಿದ್ದರು, ಒಬ್ಬರು ಬರೆದುಕೊಳ್ಳುತ್ತಿದ್ದರು. ಟೀ ತಂದವರು ಅಧ್ಯಕ್ಷರು.

ಒಂದು ಗುಟುಕು ಕುಡಿದು ಅತ್ತಿಗೆ ಲೋಟ ಕೆಳಗಿಟ್ಟರು. "ಸಕ್ಕರೆ ಜಾಸ್ತಿ ಆಯ್ತು. ಅದನ್ನೂ ಬರ್ಕೊಳ್ಳಿ."